ಟಾರ್ನೆಡೊ ಶೆಲ್ಟರ್ ಕೊಳ್ಳುವ ಮುನ್ನ: ಬಾಗಿಲು, ಬೋಲ್ಟು, ನಿಮಿಷ

ಟಾರ್ನೆಡೊ ಬಡಿದಾಗ ಮನೆಯವರು ಒಳಸೇರಿ ಉಳಿಯಲೆಂದು ಇರುವ ಗಟ್ಟಿ ಕೋಣೆ ಅಥವಾ ಪೆಟ್ಟಿಗೆಯೇ ಟಾರ್ನೆಡೊ ಶೆಲ್ಟರ್. ಅದನ್ನು ಮಾರುವವರು ಮೊದಲು ಹೇಳುವುದು ಉಕ್ಕಿನ ತಗಡಿನ ದಪ್ಪ. ಕೊಳ್ಳುವವರು ಮೊದಲು ನೋಡಬೇಕಾದದ್ದು ಬಾಗಿಲು. ಆಮೇಲೆ ಅದನ್ನು ನೆಲಕ್ಕೆ ಬಿಗಿದಿರುವ ಬೋಲ್ಟು. ಅದಾದ ಮೇಲೆ, ನಡುರಾತ್ರಿ ಹಾಸಿಗೆಯಿಂದ ಎದ್ದು ಮಕ್ಕಳನ್ನು ಎತ್ತಿಕೊಂಡು ಅದರೊಳಗೆ ಸೇರಿ ಬಾಗಿಲು ಹಾಕಿಕೊಳ್ಳಲು ಎಷ್ಟು ನಿಮಿಷ ಬೇಕು ಎಂಬ ಲೆಕ್ಕ. ಈ ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದ ಉಕ್ಕು ಎಷ್ಟು ದಪ್ಪವಿದ್ದರೂ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಮನೆಗಳಿಗೆಂದು ಮಾರುವ ನಾಲ್ಕು ಬಗೆಯ ಶೆಲ್ಟರ್‌ಗಳನ್ನು, ಜೊತೆಗೆ ಅವು ಕೆಲಸಕ್ಕೆ ಬರಲು ಬೇಕೇ ಬೇಕಾದ ಹವಾಮಾನ ರೇಡಿಯೊವನ್ನು ಇಲ್ಲಿ ಇದೇ ಅಳತೆಗೋಲಿನಿಂದ ನೋಡಿದ್ದೇವೆ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಸುಂಟರಗಾಳಿ ಎಂದರೆ ಬೇಸಿಗೆಯ ಬಯಲಲ್ಲಿ ತರಗೆಲೆ, ದೂಳನ್ನು ಸುತ್ತಿ ಎತ್ತಿ ಕ್ಷಣದಲ್ಲಿ ಮಾಯವಾಗುವ ಗಾಳಿಯೂ ಹೌದು. ಅದು ಕಾದ ನೆಲದಿಂದ ಏಳುವಂಥದ್ದು, ಅದಕ್ಕೆ ಮೋಡವೇ ಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಗುಡುಗು ಮೋಡದ ಬುಡದಿಂದ ನೆಲದವರೆಗೆ ಹಬ್ಬಿ ಸುತ್ತುವ ಗಾಳಿಕಂಬದ ಬಗ್ಗೆ. ಎರಡೂ ಬೆರೆಯದಿರಲೆಂದು ಟಾರ್ನೆಡೊ ಎಂಬ ಹೆಸರನ್ನೇ ಉಳಿಸಿಕೊಂಡಿದ್ದೇವೆ.

ಮೊದಲಿಗೆ ಸಮಯದ ಮಾತು, ಯಾಕೆಂದರೆ ಶೆಲ್ಟರ್ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದೇ ಅದು. ಅಮೆರಿಕದ ಮಧ್ಯಬಯಲಿಗೆ ವಸಂತದಲ್ಲಿ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬೆಚ್ಚನೆಯ ತೇವದ ಗಾಳಿ ನೆಲಮಟ್ಟದಲ್ಲೇ ಹರಿದು ಬರುತ್ತದೆ. ಅದರ ಮೇಲೆ ನೈಋತ್ಯದ ಎತ್ತರದ ಒಣನಾಡಿನ ಬಿಸಿಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಮುಚ್ಚಳ ಗಟ್ಟಿಯಿರುವಷ್ಟು ಹೊತ್ತು ಕೆಳಗಿನ ಕಾವು, ತೇವ ಎರಡೂ ಕೂಡುತ್ತಾ ಹೋಗುತ್ತವೆ. ಮಧ್ಯಾಹ್ನ ಕಳೆದು ಎಲ್ಲೋ ಒಂದು ಕಡೆ ಮುಚ್ಚಳ ಒಡೆಯಿತೆಂದರೆ ಗಾಳಿ ಹತ್ತು ಹನ್ನೆರಡು ಕಿಲೊಮೀಟರಿಗೂ ಮೇಲಕ್ಕೆ ಚಿಮ್ಮುತ್ತದೆ. ಇಷ್ಟೇ ಆದರೆ ಅದು ಬರಿಯ ಗುಡುಗು ಮಳೆ. ಟಾರ್ನೆಡೊಗೆ ಇನ್ನೊಂದು ಸರಕು ಬೇಕು: ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುತ್ತಿರಬೇಕು. ನೆಲದ ಬಳಿ ಆಗ್ನೇಯದಿಂದ ಮೆಲ್ಲಗೆ, ಐದಾರು ಕಿಲೊಮೀಟರ್ ಮೇಲೆ ಪಶ್ಚಿಮದಿಂದ ಜೋರಾಗಿ ಗಾಳಿ ಬೀಸುತ್ತಿದ್ದರೆ ನಡುವಿನ ಪದರ ಲಟ್ಟಣಿಗೆಯ ಹಾಗೆ ಅಡ್ಡಡ್ಡ ಉರುಳುತ್ತದೆ. ಮೇಲೇರುವ ಗಾಳಿ ಆ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಇಡೀ ಮೋಡವೇ ನಿಧಾನವಾಗಿ ತಿರುಗತೊಡಗುತ್ತದೆ. ಇದಕ್ಕೆ ಸೂಪರ್‌ಸೆಲ್ ಎನ್ನುತ್ತಾರೆ. ಒಳಗಿನ ತಿರುಗಾಟ ಹಲವು ಕಿಲೊಮೀಟರ್ ಅಗಲ.

ಇದೂ ಇನ್ನೂ ಟಾರ್ನೆಡೊ ಅಲ್ಲ. ಮೋಡದ ನಡುವೆ ಎಷ್ಟು ತಿರುಗಿದರೂ ನೆಲದ ಮೇಲೆ ತಿರುಗಾಟ ಇರದೆ ಟಾರ್ನೆಡೊ ಆಗದು. ಮೋಡದ ಹಿಂಬದಿಯಲ್ಲಿ ಮಳೆಯಿಂದ ತಣಿದ ಗಾಳಿ ಕೆಳಗಿಳಿದು ಮುಂದಕ್ಕೆ ಸುತ್ತಿ ಬರುತ್ತದೆ. ನೆಲಮಟ್ಟದ ತಿರುಗಾಟ ಹುಟ್ಟುವುದು ಅದರ ಅಂಚಿನಲ್ಲಿ. ಆ ಗಾಳಿ ತೀರಾ ತಣ್ಣಗಿದ್ದರೆ ಭಾರವಾಗಿ ನೆಲಕ್ಕೆ ಅಂಟಿಕೊಂಡುಬಿಡುತ್ತದೆ, ಮೇಲೇರುವ ಗಾಳಿ ಅದನ್ನು ಎತ್ತಲಾರದು. ತುಸು ಮಾತ್ರ ತಣ್ಣಗಿದ್ದರೆ ಮೇಲಿನ ಸೆಳೆತ ಅದನ್ನು ಹಿಡಿದು ಎಳೆಯುತ್ತದೆ. ಎಳೆದಷ್ಟೂ ಸುತ್ತು ಕಿರಿದಾಗುತ್ತದೆ, ಕಿರಿದಾದಷ್ಟೂ ವೇಗ ಏರುತ್ತದೆ. ಕಿಲೊಮೀಟರ್ ಅಗಲದ ಸೋಮಾರಿ ಸುತ್ತು ನೂರಿನ್ನೂರು ಮೀಟರಿಗೆ ಕುಗ್ಗಿ ಮನೆ ಕೀಳುವ ಗಾಳಿಯಾಗಲು ಕೆಲವೇ ನಿಮಿಷ ಸಾಕು. ಆ ಕೆಲವು ಡಿಗ್ರಿಗಳ ವ್ಯತ್ಯಾಸವನ್ನು ಮುಂಚೆಯೇ ಹೇಳುವುದು ಇಂದಿಗೂ ಕಷ್ಟ.

ರೇಡಾರಿಗೂ ಮಿತಿಯಿದೆ. ಅದರ ಕಿರಣ ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಡುತ್ತದೆ, ಭೂಮಿಯೋ ಕೆಳಕ್ಕೆ ಬಾಗುತ್ತದೆ. ನೂರು ಕಿಲೊಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಕಿರಣದ ನಡುಭಾಗ ನೆಲದಿಂದ ಸುಮಾರು ಒಂದೂವರೆ ಕಿಲೊಮೀಟರ್ ಮೇಲಿರುತ್ತದೆ. ರೇಡಾರ್ ಕಾಣುವುದು ಮೋಡದೊಳಗಿನ ಸುತ್ತನ್ನು. ಅದರ ಕೆಳಗೆ ಏನಾಗುತ್ತಿದೆ ಎಂಬುದನ್ನು ಹವಾಮಾನ ಕಚೇರಿಯವರು ಊಹಿಸಬೇಕು. ತಿರುಗುವ ಮೋಡಗಳಲ್ಲಿ ಬಹುಪಾಲು ಟಾರ್ನೆಡೊ ಹುಟ್ಟಿಸುವುದೇ ಇಲ್ಲ. ಹಾಗಾಗಿ ಹೊರಡಿಸಿದ ಎಚ್ಚರಿಕೆಗಳಲ್ಲಿ ಹತ್ತಕ್ಕೆ ಏಳರಷ್ಟು ಸುಳ್ಳಾಗುತ್ತವೆ, ನಿಜವಾದವೂ ಸರಾಸರಿ ಹತ್ತು ನಿಮಿಷದ ಆಸುಪಾಸಿನ ಕಾಲಾವಕಾಶ ಮಾತ್ರ ಕೊಡುತ್ತವೆ. 2013ರ ಮೇ 20ರಂದು ಒಕ್ಲಹೋಮದ ಮೂರ್ ಪಟ್ಟಣಕ್ಕೆ ಬಡಿದ ಟಾರ್ನೆಡೊ ನೆಲ ಮುಟ್ಟುವ 16 ನಿಮಿಷ ಮುಂಚೆ ಎಚ್ಚರಿಕೆ ಹೊರಟಿತ್ತು. ಅದು ಚೆನ್ನಾಗಿ ಕೆಲಸ ಮಾಡಿದ ದಿನ. ಹೀಗಿರುವಾಗ ನೆರೆಮನೆಯಲ್ಲೋ, ಬೀದಿಯ ಕೊನೆಯ ಶಾಲೆಯಲ್ಲೋ ಇರುವ ಶೆಲ್ಟರನ್ನು ನಂಬಿ ಕೂರುವುದು ತಪ್ಪು ಲೆಕ್ಕ. ಶೆಲ್ಟರ್ ಮನೆಯೊಳಗೇ ಇರಬೇಕು, ಇಲ್ಲವೇ ಬಾಗಿಲಿನಿಂದ ಕೆಲವೇ ಹೆಜ್ಜೆ ದೂರದಲ್ಲಿರಬೇಕು.

ಇನ್ನು ಆ ಪೆಟ್ಟಿಗೆ ತಡೆಯಬೇಕಾದದ್ದು ಏನನ್ನು? ಮನೆ ಹೇಗೆ ಬೀಳುತ್ತದೆ ಎಂಬುದನ್ನು ಕ್ರಮವಾಗಿ ನೋಡಿದರೆ ತಿಳಿಯುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 90 ಮೈಲಿ, ಅಂದರೆ ಸುಮಾರು 145 ಕಿಲೊಮೀಟರ್ ಗಾಳಿ ಒಂದು ಚದರ ಮೀಟರ್ ಗೋಡೆಯ ಮೇಲೆ ನೂರು ಕಿಲೊ ತೂಕದಷ್ಟು ಒತ್ತುತ್ತದೆ. ಗಂಟೆಗೆ 250 ಮೈಲಿಯಾದರೆ, ಅಂದರೆ 402 ಕಿಲೊಮೀಟರಿಗೆ, ಅದೇ ಒಂದು ಚದರ ಮೀಟರಿನ ಮೇಲೆ ಸುಮಾರು 780 ಕಿಲೊ. ಮನೆಯಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಗ್ಯಾರೇಜಿನ ಅಗಲ ಬಾಗಿಲು. ತೆಳು ತಗಡಿನ ಹಲಗೆಗಳು ಒಳಕ್ಕೆ ಬಾಗಿ ಹಳಿಯಿಂದ ಕಳಚಿಕೊಳ್ಳುತ್ತವೆ. ಒಳನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ನೂಕುತ್ತದೆ, ಹೊರಗೆ ಮಾಡಿನ ಮೇಲೆ ಹಾಯುವ ಗಾಳಿ ಅದನ್ನೇ ಮೇಲಕ್ಕೆ ಸೆಳೆಯುತ್ತದೆ. ಮಾಡಿನ ತೊಲೆಯನ್ನು ಗೋಡೆಗೆ ಹಿಡಿದಿರುವುದು ಎಷ್ಟೋ ಹಳೆಯ ಮನೆಗಳಲ್ಲಿ ಓರೆಯಾಗಿ ಹೊಡೆದ ಎರಡು ಮೂರು ಮೊಳೆ ಮಾತ್ರ. ಮೊಳೆಗಳು ಮರದಿಂದ ನೆಟ್ಟಗೆ ಕಿತ್ತು ಬರುತ್ತವೆ, ಮಾಡು ಹಾರುತ್ತದೆ. ತಲೆಯ ಆಧಾರ ತಪ್ಪಿದ ಗೋಡೆಗಳು ಒಂದೊಂದಾಗಿ ಮಗುಚುತ್ತವೆ. ಮನೆ ಸಿಡಿಯಿತು ಎಂದು ಜನ ಹೇಳುವುದು ಈ ದೃಶ್ಯವನ್ನು.

ಒಳಗಿನ ಗಾಳಿಯ ಒತ್ತಡದಿಂದ ಮನೆ ಸಿಡಿಯುತ್ತದೆ, ಅದಕ್ಕೆ ಕಿಟಕಿ ತೆರೆದಿಡಬೇಕು ಎಂಬ ಹಳೆಯ ನಂಬಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಬಿಟ್ಟುಬಿಡಿ. ಟಾರ್ನೆಡೊ ನಡುವೆ ಒತ್ತಡ ಕುಸಿಯುವುದು ನಿಜ. 2003ರ ಜೂನ್ 24ರಂದು ಸೌತ್ ಡಕೋಟದ ಮ್ಯಾಂಚೆಸ್ಟರ್ ಬಳಿ ಟಾರ್ನೆಡೊ ಸಂಶೋಧಕ ಟಿಮ್ ಸಮರಾಸ್ ಟಾರ್ನೆಡೊ ಹಾದಿಯಲ್ಲಿ ಇಟ್ಟಿದ್ದ ಉಪಕರಣ ನೂರು ಮಿಲಿಬಾರ್ ಕುಸಿತವನ್ನು ದಾಖಲಿಸಿತು. ಆದರೆ ಮಾಮೂಲಿ ಮನೆಗಳಲ್ಲಿ ಗಾಳಿ ಸೋರುವ ಸಂದುಗಳು ಬೇಕಾದಷ್ಟಿರುತ್ತವೆ. ಮನೆಯನ್ನು ಕೆಡವುವುದು ಗಾಳಿಯ ನೂಕು ಮತ್ತು ಮಾಡಿನ ಸೆಳೆತ. ಕಿಟಕಿ ತೆರೆದರೆ ಗಾಳಿಗೆ ಬಾಗಿಲು ನೀವೇ ತೆರೆದಂತೆ. ಅದಕ್ಕೆ ಹಾಳಾಗುವ ಒಂದು ನಿಮಿಷದಲ್ಲಿ ಶೆಲ್ಟರ್ ಸೇರಬಹುದು.

ಜನ ಸಾಯುವುದು ಹೆಚ್ಚಾಗಿ ಬರಿಗಾಳಿಯಿಂದಲ್ಲ. ಗಾಳಿ ಹೊತ್ತು ತರುವ ಮರದ ತುಂಡು, ತಗಡು, ಇಟ್ಟಿಗೆ, ಬೀಳುವ ಗೋಡೆ, ಇವುಗಳಿಂದ. ಆದ್ದರಿಂದ ಶೆಲ್ಟರ್ ಪರೀಕ್ಷೆಯ ಮುಖ್ಯ ಭಾಗವೇ ಮರದ ತುಂಡು. ಟೆಕ್ಸಸ್‌ನ ಲಬಕ್ ನಗರದಲ್ಲಿ 1970ರ ಮೇ 11ರ ಟಾರ್ನೆಡೊಗೆ 26 ಜನ ಬಲಿಯಾದರು. ಅದರ ಅಧ್ಯಯನದಿಂದಲೇ ಅಲ್ಲಿನ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಗಾಳಿ ಸಂಶೋಧನೆ ಬೆಳೆಯಿತು. ಅಲ್ಲಿನ ಪ್ರಯೋಗಶಾಲೆಯಲ್ಲಿ ಒತ್ತಿದ ಗಾಳಿಯಿಂದ ಮರದ ತುಂಡನ್ನು ಹಾರಿಸುವ ತೋಪೇ ಇದೆ. ಮನೆ ಕಟ್ಟಲು ಬಳಸುವ ಟೂ ಬೈ ಫೋರ್ ಮರ, ತೂಕ 15 ಪೌಂಡ್, ಅಂದರೆ 6.8 ಕಿಲೊ. ಅದನ್ನು ಗಂಟೆಗೆ 100 ಮೈಲಿ ವೇಗದಲ್ಲಿ ಗೋಡೆಗೂ ಬಾಗಿಲಿಗೂ, 67 ಮೈಲಿ ವೇಗದಲ್ಲಿ ಚಾವಣಿಗೂ ಹೊಡೆಯುತ್ತಾರೆ. ಲೆಕ್ಕ ಹಾಕಿದರೆ, 1,200 ಕಿಲೊ ತೂಕದ ಕಾರು ಗಂಟೆಗೆ 12 ಕಿಲೊಮೀಟರ್ ವೇಗದಲ್ಲಿ ಗುದ್ದಿದಷ್ಟು ಶಕ್ತಿ. ಆದರೆ ಅಷ್ಟೂ ಬೀಳುವುದು ಅಂಗೈಗಿಂತ ಚಿಕ್ಕದಾದ, ಸುಮಾರು ನಾಲ್ಕು ಸೆಂಟಿಮೀಟರ್ ಅಗಲ ಒಂಬತ್ತು ಸೆಂಟಿಮೀಟರ್ ಉದ್ದದ ಮರದ ತುದಿಯಲ್ಲಿ. ಜಿಪ್ಸಮ್ ಹಲಗೆ ಹೊಡೆದ ಮರದ ಚೌಕಟ್ಟಿನ ಗೋಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಮಾರಾಟದ ಹಾಳೆಗಳಲ್ಲಿ ಕಾಣುವ ಎರಡು ಮಾತುಗಳಿಗೆ ಬೆಲೆ ಕೊಡಬೇಡಿ. ಒಂದು, ‘ಫೇಮಾ ಅನುಮೋದಿತ’. ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಫೇಮಾ ಯಾವ ಶೆಲ್ಟರನ್ನೂ ಅನುಮೋದಿಸುವುದಿಲ್ಲ, ಪ್ರಮಾಣಪತ್ರ ಕೊಡುವುದೂ ಇಲ್ಲ. ಮನೆಗಳಿಗೆ ಪಿ-320, ಸಮುದಾಯ ಕಟ್ಟಡಗಳಿಗೆ ಪಿ-361 ಎಂಬ ಕೈಪಿಡಿಗಳನ್ನು ಪ್ರಕಟಿಸುತ್ತದೆ, ಅಷ್ಟೇ. ಎರಡು, ‘ಇಎಫ್5 ತಾಳುತ್ತದೆ’. ಟಾರ್ನೆಡೊಗಳ ಬಲವನ್ನು ಹೇಳುವ ಇಎಫ್ (ಎನ್‌ಹ್ಯಾನ್ಸ್ಡ್ ಫುಜಿಟ) ಶ್ರೇಣಿ 2007ರ ಫೆಬ್ರವರಿಯಲ್ಲಿ ಬಳಕೆಗೆ ಬಂತು. ಅದು ಗಾಳಿಯನ್ನು ಅಳೆಯುವ ಮಾಪಕವಲ್ಲ. ಟಾರ್ನೆಡೊ ಹೋದ ಮೇಲೆ ಮನೆ, ಶಾಲೆ, ಮರ, ಕಂಬ ಎಂದು 28 ಬಗೆಯ ಗುರುತುಗಳ ಹಾನಿಯನ್ನು ನೋಡಿ ವೇಗವನ್ನು ಅಂದಾಜಿಸುವ ಕ್ರಮ. ಇಎಫ್0 ಎಂದರೆ ಗಂಟೆಗೆ 65ರಿಂದ 85 ಮೈಲಿ. ಇಎಫ್2, 111ರಿಂದ 135. ಇಎಫ್4, 166ರಿಂದ 200. 200 ದಾಟಿದ್ದೆಲ್ಲಾ ಇಎಫ್5, ಅದಕ್ಕೆ ಮೇಲಿನ ಗಡಿಯೇ ಇಲ್ಲ. ಗಡಿಯಿಲ್ಲದ್ದನ್ನು ತಾಳುತ್ತದೆ ಎಂದರೆ ಎಂಜಿನಿಯರಿಂಗ್ ಅರ್ಥದಲ್ಲಿ ಏನೂ ಹೇಳಿದಂತಾಗಲಿಲ್ಲ. ಇಎಫ್5 ಅಪರೂಪವೂ ಹೌದು: ಮೂರ್ ಪಟ್ಟಣದ ನಂತರ ಮುಂದಿನದು ದಾಖಲಾದದ್ದು 2025ರ ಜೂನ್ 20ರಂದು, ನಾರ್ತ್ ಡಕೋಟದ ಎಂಡರ್ಲಿನ್ ಬಳಿ.

ಕೇಳಬೇಕಾದ ಮಾತು ಇದು: ಕಟ್ಟಡ ನಿಯಮಗಳನ್ನು ರೂಪಿಸುವ ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್‌ನ ಐಸಿಸಿ 500 ಮಾನದಂಡದ ಪ್ರಕಾರ, ಗಂಟೆಗೆ 250 ಮೈಲಿ ಗಾಳಿಗೆ ವಿನ್ಯಾಸವಾಗಿದೆಯೇ? ಮರದ ತುಂಡಿನ ಪರೀಕ್ಷೆಯ ವರದಿ ಎಲ್ಲಿ? ವರದಿಯಲ್ಲಿ ಬಾಗಿಲು ಸೇರಿದೆಯೇ? ಶೆಲ್ಟರ್ ಉದ್ಯಮದ ಸಂಘವಾದ ನ್ಯಾಷನಲ್ ಸ್ಟಾರ್ಮ್ ಶೆಲ್ಟರ್ ಅಸೋಸಿಯೇಷನ್‌ನ ಮುದ್ರೆಯಿದ್ದರೆ ಒಳ್ಳೆಯದು, ಆದರೂ ವರದಿ ಕೇಳುವುದನ್ನು ಬಿಡಬೇಡಿ. 1999ರ ಮೇ 3ರಂದು ಬ್ರಿಜ್ ಕ್ರೀಕ್ ಮತ್ತು ಮೂರ್ ನಡುವೆ ಹಾದ ಟಾರ್ನೆಡೊದಲ್ಲಿ ಸಂಚಾರಿ ರೇಡಾರ್ 300 ಮೈಲಿಗೂ ಹೆಚ್ಚು ವೇಗ ಅಳೆದಿತ್ತಲ್ಲ, 250 ಸಾಕೇ ಎಂದು ಕೇಳುವವರಿದ್ದಾರೆ. ಆ ಅಳತೆ ನೆಲದಿಂದ ಹತ್ತಾರು ಮೀಟರ್ ಮೇಲಿನದು. 2013ರ ಮೂರ್ ಟಾರ್ನೆಡೊದ ಹಾದಿಯಲ್ಲಿ ಟೆಕ್ಸಸ್ ಟೆಕ್ ತಂಡ ನೋಡಿದ ನೆಲದ ಮೇಲಿನ ಶೆಲ್ಟರ್‌ಗಳು ಸುತ್ತಲಿನ ಮನೆ ಕೊಚ್ಚಿಹೋದರೂ ನಿಂತೇ ಇದ್ದವು. ಟಾರ್ನೆಡೊ ಬಂದರೆ ನೆಲದಡಿ ಇದ್ದವರಷ್ಟೇ ಉಳಿಯುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ.

ಈಗ ಬಗೆಗಳು.

ಗ್ಯಾರೇಜ್ ನೆಲದೊಳಗಿನ ಉಕ್ಕಿನ ಪೆಟ್ಟಿಗೆ ಒಕ್ಲಹೋಮದಲ್ಲಿ ತುಂಬ ಜನಪ್ರಿಯ. ಕಾಂಕ್ರೀಟ್ ನೆಲವನ್ನು ಕೊಯ್ದು, ಗುಂಡಿ ತೋಡಿ, ಪೆಟ್ಟಿಗೆ ಇಳಿಸಿ, ಸುತ್ತ ಕಾಂಕ್ರೀಟ್ ಸುರಿಯುತ್ತಾರೆ. ಮುಚ್ಚಳ ಹಳಿಯ ಮೇಲೆ ಜಾರುತ್ತದೆ. ಮೇಲೆ ಕಾರು ನಿಲ್ಲಿಸಬಹುದು, ಜಾಗ ಉಳಿಯುತ್ತದೆ, ಅಡ್ಡಗಾಳಿಗೆ ಸಿಗುವ ಮೈಯೇ ಇಲ್ಲ. ಇದರ ದೋಷಗಳು ಬಳಕೆಯಲ್ಲಿ ಕಾಣುತ್ತವೆ. ಮುಚ್ಚಳದ ಹಳಿಯಲ್ಲಿ ಮರಳು, ಎಲೆ, ಟೈರಿನಿಂದ ಉದುರಿದ ಕಲ್ಲು ಸೇರಿ ಬಿಗಿಯುತ್ತದೆ. ತಿಂಗಳಿಗೊಮ್ಮೆ ಹಳಿ ಗುಡಿಸಿ ಮುಚ್ಚಳ ಎಳೆದು ನೋಡದಿದ್ದರೆ ಬೇಕಾದ ಹೊತ್ತಿಗೆ ಅರ್ಧದಲ್ಲೇ ನಿಲ್ಲುತ್ತದೆ. ಕಾರು ಮೇಲಿದ್ದಾಗ ಒಳಗಿಳಿಯಲು ಸಂದು ಎಷ್ಟು ಉಳಿಯುತ್ತದೆ ಎಂಬುದನ್ನು ನಿಮ್ಮ ಕಾರನ್ನೇ ನಿಲ್ಲಿಸಿ ಅಳೆದುಕೊಳ್ಳಿ. ಮಾರುವವರು ತೋರಿಸುವ ಚಿತ್ರದಲ್ಲಿ ಇರುವುದು ಎತ್ತರದ ಪಿಕಪ್. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೇ ಇಳಿದು ನಿಲ್ಲುತ್ತದೆ. ಆದ್ದರಿಂದ ಪೆಟ್ರೋಲ್ ಡಬ್ಬಿ, ಹುಲ್ಲು ಕತ್ತರಿಸುವ ಯಂತ್ರ ಆ ಗ್ಯಾರೇಜಿನಲ್ಲಿ ಇರಬಾರದು. ಮಾಡು ಮುಚ್ಚಳದ ಮೇಲೆ ಕುಸಿದರೆ ಒಳಗಿನಿಂದ ಎತ್ತಲು ಜ್ಯಾಕ್ ಅಥವಾ ಕೈ ವಿಂಚ್ ಇರಲೇಬೇಕು, ಅದು ಒಳಗೇ ಇರಬೇಕು. ಮೆಟ್ಟಿಲು ಕಡಿದು. ಮಂಡಿನೋವಿನವರು, ಗಾಲಿಕುರ್ಚಿಯವರು ಮನೆಯಲ್ಲಿದ್ದರೆ ಈ ಬಗೆ ಬೇಡವೇ ಬೇಡ.

ನೆಲದ ಮೇಲೆ ಬೋಲ್ಟು ಬಿಗಿದು ನಿಲ್ಲಿಸುವ ಉಕ್ಕಿನ ಕೋಣೆ, ಈಗಾಗಲೇ ಕಟ್ಟಿದ ಮನೆಗೆ, ನಮ್ಮ ಮೊದಲ ಆಯ್ಕೆ. ಕಪಾಟಿನಷ್ಟು ಚಿಕ್ಕದರಿಂದ ಸಣ್ಣ ಮಲಗುವ ಕೋಣೆಯಷ್ಟು ದೊಡ್ಡದರವರೆಗೆ ಸಿಗುತ್ತದೆ. ಹಲಗೆಗಳಾಗಿ ಬರುವುದನ್ನು ಕಟ್ಟಿದ ಮನೆಯ ಬಾಗಿಲಿನ ಮೂಲಕವೇ ಒಳಗೆ ಒಯ್ದು ಜೋಡಿಸಬಹುದು. ಅಜ್ಜ ಅಜ್ಜಿಯೂ ನಡೆದೇ ಒಳಹೋಗಬಹುದು. ಇಲ್ಲಿ ತಪ್ಪಾಗುವುದು ಹೆಚ್ಚಾಗಿ ಬೋಲ್ಟಿನ ಕೆಲಸದಲ್ಲಿ. ಪ್ರತಿ ಮೂಲೆಯಲ್ಲೂ, ಬಾಗಿಲಿನ ಎರಡೂ ಪಕ್ಕದಲ್ಲೂ ಆಂಕರ್, ಅಂದರೆ ಕಾಂಕ್ರೀಟಿನೊಳಗೆ ಇಳಿಸಿ ಹಿಡಿಸುವ ಬೋಲ್ಟು, ಇರಬೇಕು. ಕಾಂಕ್ರೀಟಿನ ಅಂಚಿಗೆ ತೀರಾ ಹತ್ತಿರ ಕೊರೆದರೆ ಎಳೆತಕ್ಕೆ ಅಂಚೇ ಕೊನೆಗೆ ಸಿಡಿದು ಬರುತ್ತದೆ. ರಂಧ್ರ ಕೊರೆದ ಮೇಲೆ ಅದರೊಳಗಿನ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ ಗಾಳಿ ಊದಿ ತೆಗೆಯಬೇಕು. ಪುಡಿ ಉಳಿದರೆ ಅಂಟಿನ ಆಂಕರ್ ಪುಡಿಗೆ ಅಂಟುತ್ತದೆಯೇ ಹೊರತು ಕಾಂಕ್ರೀಟಿಗಲ್ಲ; ಬೆಣೆಯ ಆಂಕರ್ ಆದರೂ ತಳದವರೆಗೆ ಇಳಿಯುವುದಿಲ್ಲ. ಬಿಗಿಯುವುದು ತಿರುಚುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ಆಂಕರ್ ತಯಾರಿಸಿದವರು ಹೇಳಿದ ಅಳತೆಗೆ. ಕೈಯಳತೆಗೆ ಬಿಗಿದು ಹೊರಟವರಿಗೆ ಹಣ ಕೊಡುವ ಮೊದಲು ಒಮ್ಮೆ ಯೋಚಿಸಿ.

ಇದಕ್ಕೂ ಮುಂಚೆ ನೋಡಬೇಕಾದ್ದು ನೆಲದ ಕಾಂಕ್ರೀಟು. ಟೆಕ್ಸಸ್‌ನಂಥ ಕಡೆ ಎಷ್ಟೋ ಮನೆಗಳ ನೆಲದೊಳಗೆ ಎಳೆದು ಬಿಗಿದ ಉಕ್ಕಿನ ಹುರಿಗಳಿರುತ್ತವೆ. ಡ್ರಿಲ್ಲೋ ಗರಗಸವೋ ಒಂದಕ್ಕೆ ತಾಗಿದರೆ ಹುರಿ ರಭಸದಿಂದ ಸಡಿಲಗೊಂಡು ಕೆಲಸದವರಿಗೆ ಪೆಟ್ಟಾಗಬಹುದು, ಅಡಿಪಾಯದ ಬಲವೂ ಹೋಗುತ್ತದೆ. ಗ್ಯಾರೇಜಿನ ಗೋಡೆಯ ಬುಡದಲ್ಲಿ ‘ಪೋಸ್ಟ್ ಟೆನ್ಷನ್’ ಎಂಬ ಗುರುತಿದೆಯೇ ನೋಡಿ. ಇದ್ದರೆ ಹುರಿಗಳ ಜಾಗವನ್ನು ಉಪಕರಣದಿಂದ ಪತ್ತೆ ಮಾಡಿ ಗೆರೆ ಎಳೆದ ಮೇಲೆಯೇ ಕೊರೆಯಬೇಕು. ಈ ಪ್ರಶ್ನೆಯನ್ನೇ ಕೇಳದೆ ದರ ಹೇಳುವ ಅಳವಡಿಕೆದಾರರನ್ನು ನಾವು ಶಿಫಾರಸು ಮಾಡುವುದಿಲ್ಲ.

ಹೊಸ ಮನೆ ಕಟ್ಟುತ್ತಿದ್ದರೆ ಕಾಂಕ್ರೀಟಿನ ಸೇಫ್ ರೂಮ್ ಎಲ್ಲಕ್ಕಿಂತ ಮೇಲು. ಬಟ್ಟೆ ಕೋಣೆಯೋ ಸ್ನಾನದ ಕೋಣೆಯೋ ಅದೇ ಆಗಬಹುದು, ದಿನವೂ ಬಳಸುವುದರಿಂದ ಬಾಗಿಲು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದೂ ದಿನವೂ ಗೊತ್ತಾಗುತ್ತದೆ. ಕಂಬಿ ಹಾಕಿ ಸುರಿದ 6 ಇಂಚಿನ ಕಾಂಕ್ರೀಟ್ ಗೋಡೆ ಮರದ ತುಂಡನ್ನು ತಡೆಯುತ್ತದೆ. ಕಾಂಕ್ರೀಟ್ ಬ್ಲಾಕಿನಿಂದ ಕಟ್ಟುವುದಾದರೆ ಎಲ್ಲ ಟೊಳ್ಳುಗಳಿಗೂ ಗ್ರೌಟ್ (ನೀರಾದ ಸಿಮೆಂಟ್ ಗಾರೆ) ತುಂಬಬೇಕು. ಕಂಬಿಯಿರುವ ಟೊಳ್ಳಿಗೆ ಮಾತ್ರ ತುಂಬಿ ಉಳಿದದ್ದನ್ನು ಖಾಲಿ ಬಿಡುವುದು ಸಾಮಾನ್ಯವಾದ ಕಳ್ಳದಾರಿ. ಮರದ ತುಂಡು ಆ ಖಾಲಿ ಟೊಳ್ಳಿನ ತೆಳು ಗೋಡೆಯನ್ನೇ ಒಡೆದು ಒಳಬರುತ್ತದೆ. ಮರದ ಚೌಕಟ್ಟಿನಲ್ಲೇ ಮಾಡಬೇಕೆಂದರೆ ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ, ಜೊತೆಗೆ 14 ಗೇಜ್ ಉಕ್ಕಿನ ತಗಡು ಎಂದು ಪಿ-320 ನಕ್ಷೆ ಕೊಡುತ್ತದೆ. ಯಾವುದೇ ಇರಲಿ, ಸೇಫ್ ರೂಮಿಗೆ ತನ್ನದೇ ಚಾವಣಿ ಇರಬೇಕು. ಮನೆಯ ಮಾಡನ್ನು ಅದಕ್ಕೆ ಕಟ್ಟಿದರೆ ಮಾಡು ಹಾರುವಾಗ ಅದನ್ನೂ ಎಳೆಯುತ್ತದೆ.

ಹಿತ್ತಲಲ್ಲಿ ಹೂಳುವ ಕಾಂಕ್ರೀಟ್ ಅಥವಾ ಫೈಬರ್‌ಗ್ಲಾಸ್ ಶೆಲ್ಟರ್ ಹಳೆಯ ಬಗೆ, ಈಗ ನಾಲ್ಕರಲ್ಲಿ ಕೊನೆಯ ಸ್ಥಾನ. ಆಲಿಕಲ್ಲು, ಮಿಂಚಿನ ನಡುವೆ ಕತ್ತಲಲ್ಲಿ ಮನೆ ಬಿಟ್ಟು ಹೊರಗೆ ಓಡಬೇಕು ಎಂಬುದೇ ದೊಡ್ಡ ದೋಷ. ಅಂತರ್ಜಲ ಮೇಲೆ ಬಂದಾಗ ಹಗುರ ಪೆಟ್ಟಿಗೆ ದೋಣಿಯಂತೆ ತೇಲಿ ನೆಲದಿಂದ ಎದ್ದು ಬರುವುದುಂಟು, ಅದನ್ನು ಕೆಳಗಿನ ಕಾಂಕ್ರೀಟಿಗೆ ಬಿಗಿಯದಿದ್ದರೆ. ನೀರು ಸೋರಿ ಜೇಡ, ಹಾವು ಮನೆಮಾಡಿಕೊಂಡಿರುತ್ತವೆ, ಮಕ್ಕಳು ಒಳಗೆ ಇಳಿಯುವುದಿಲ್ಲ ಎಂದು ಹಟ ಹಿಡಿಯುತ್ತಾರೆ. ಮಳೆಗೆ ತುಂಬುವ ತಗ್ಗಿನಲ್ಲಂತೂ ಕೂಡದೇ ಕೂಡದು. 2013ರ ಮೇ 31ರಂದು ಎಲ್ ರೀನೊ ಟಾರ್ನೆಡೊ ಬಂದ ಸಂಜೆ ಒಕ್ಲಹೋಮ ಸಿಟಿಯಲ್ಲಿ ಮಳೆನೀರಿನ ಮೋರಿಯೊಳಗೆ ಆಶ್ರಯ ಪಡೆದವರು ಪ್ರವಾಹಕ್ಕೆ ಕೊಚ್ಚಿಹೋದರು. ಟಾರ್ನೆಡೊ ಹುಟ್ಟಿಸುವ ಮೋಡವೇ ಪ್ರವಾಹದ ಮಳೆಯನ್ನೂ ಸುರಿಸುತ್ತದೆ. ಆದರೂ ಕಾರ್ಖಾನೆಯಲ್ಲಿ ತಯಾರಾಗಿ ಸಾಗಿಸಿ ತರುವ ಹಗುರ ಮನೆಗಳಾದ ಮೊಬೈಲ್ ಹೋಮ್‌ಗಳಲ್ಲಿ ಇರುವವರಿಗೆ ಈ ಬಗೆ ಇಲ್ಲವೇ ಹೊರಗೆ ಪ್ರತ್ಯೇಕ ಕಾಂಕ್ರೀಟಿಗೆ ಬಿಗಿದ ಉಕ್ಕಿನ ಕೋಣೆ ಬಿಟ್ಟು ದಾರಿಯಿಲ್ಲ. ಆ ಮನೆಗಳೊಳಗೆ ಎಲ್ಲಿ ಅಡಗಿದರೂ ಸುರಕ್ಷಿತವಲ್ಲ. ಅವರು ಎಚ್ಚರಿಕೆಗೆ ಕಾಯಬಾರದು, ಟಾರ್ನೆಡೊ ಹುಟ್ಟುವ ಸಾಧ್ಯತೆಯಿದೆ ಎಂದು ಮೊದಲೇ ತಿಳಿಸುವ ‘ವಾಚ್’ ಹೊರಟಾಗಲೇ ಶೆಲ್ಟರಿನ ಹತ್ತಿರ ಇರಬೇಕು.

ಬಾಗಿಲಿಗೆ ಮತ್ತೆ ಬರುತ್ತೇವೆ, ಯಾಕೆಂದರೆ ಹಣ ಉಳಿಸಲು ಹೋಗಿ ಜನ ಎಡವುವುದು ಇಲ್ಲೇ. ಗೋಡೆ ಕಾಂಕ್ರೀಟಿನದು ಕಟ್ಟಿಸಿ, ಅಂಗಡಿಯಲ್ಲಿ ಸಿಗುವ ಮಾಮೂಲಿ ಉಕ್ಕಿನ ಮುಂಬಾಗಿಲನ್ನು ತಂದು ಹಾಕಿ, ಮೂರು ಚಿಲಕ ಸೇರಿಸಿ, ಆಯಿತು ಎನ್ನುತ್ತಾರೆ. ಆ ಬಾಗಿಲು ಎಂದರೆ ಕಾಗದದಷ್ಟು ತೆಳುವಾದ ಎರಡು ತಗಡಿನ ನಡುವೆ ತುಂಬಿದ ಫೋಮ್. ಮರದ ತುಂಡು ಅದನ್ನು ತೂರಿಕೊಂಡೇ ಬರುತ್ತದೆ. ಸುಮಾರು ಎರಡು ಚದರ ಮೀಟರ್ ಬಾಗಿಲಿನ ಮೇಲೆ 250 ಮೈಲಿ ಗಾಳಿ ಒತ್ತುವುದು ಒಂದೂವರೆ ಟನ್ನಿನಷ್ಟು. ಅದೆಲ್ಲಾ ಕೊನೆಗೆ ಬಂದು ಕೂರುವುದು ಚಿಲಕದ ನಾಲಿಗೆ ಮತ್ತು ಕೀಲುಗಳ ಮೇಲೆ. ಆದ್ದರಿಂದ ಹಲಗೆ, ಚೌಕಟ್ಟು, ಕೀಲು, ಚಿಲಕ ಎಲ್ಲವೂ ಒಟ್ಟಿಗೆ ಒಂದೇ ಘಟಕವಾಗಿ ಪರೀಕ್ಷೆಗೊಳಗಾಗಿರಬೇಕು. ಒಂದು ತಯಾರಕರ ಹಲಗೆ, ಇನ್ನೊಬ್ಬರ ಚೌಕಟ್ಟು ಸೇರಿಸಿದರೆ ಎರಡರ ವರದಿಯೂ ಲೆಕ್ಕಕ್ಕಿಲ್ಲ. ಒಳಗೆ ನಿಂತು ಮೂರೂ ಚಿಲಕ ಒಂದೇ ಹಿಡಿಕೆಯಿಂದ ಬೀಳುತ್ತವೆಯೇ, ಇಲ್ಲ ಒಂದೊಂದಾಗಿ ಹಾಕಬೇಕೇ ನೋಡಿ. ಒಂದೇ ಹಿಡಿಕೆಯದ್ದು ಒಳ್ಳೆಯದು. ಹೆದರಿದ ಕೈ ಮೂರನೆಯ ಚಿಲಕವನ್ನು ಮರೆಯುತ್ತದೆ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಹೊರಗೆ ಅವಶೇಷ ಬಿದ್ದರೂ ತೆರೆಯಬಹುದು, ಹೊರಕ್ಕೆ ತೆರೆಯುವಂತಿದ್ದರೆ ಗಾಳಿಯ ನೂಕು ಚಿಲಕದ ಬದಲು ಚೌಕಟ್ಟಿನ ಮೇಲೆ ಬೀಳುತ್ತದೆ. ಎರಡಕ್ಕೂ ಪರೀಕ್ಷೆ ಪಾಸಾದ ಮಾದರಿಗಳಿವೆ. ಹೊರಕ್ಕೆ ತೆರೆಯುವುದನ್ನೇ ಆರಿಸಿದರೆ ಒಳಗೆ ಜ್ಯಾಕ್ ಇಡಿ.

ಅಳತೆ ಚಿಕ್ಕದೆಂದು ಹೆದರಬೇಕಿಲ್ಲ. ಮನೆಯ ಟಾರ್ನೆಡೊ ಶೆಲ್ಟರಿಗೆ ತಲಾ 3 ಚದರ ಅಡಿ ಸಾಕು ಎನ್ನುತ್ತದೆ ಫೇಮಾ, ಗಾಲಿಕುರ್ಚಿಗೆ ಮಾತ್ರ 10 ಇಟ್ಟುಕೊಳ್ಳಿ. ಮಾನದಂಡ ಲೆಕ್ಕ ಹಾಕುವುದು ಎರಡು ಗಂಟೆಯ ವಾಸಕ್ಕೆ. ನಮ್ಮ ಸಲಹೆ, ಮನೆಯವರ ಸಂಖ್ಯೆಗೆ ಇಬ್ಬರನ್ನು ಸೇರಿಸಿ ಕೊಳ್ಳಿ: ನೆರೆಯವರು ಬಾಗಿಲು ಬಡಿದಾಗ ಜಾಗವಿಲ್ಲ ಎನ್ನಲಾಗದು. ಗಾಳಿಯಾಡುವ ತೆರಪುಗಳಿಗೆ ಒಳಗೆ ಅಡ್ಡ ತಗಡು ಇರಬೇಕು, ನೇರವಾಗಿ ಆಚೆ ಕಾಣುವಂತಿದ್ದರೆ ಕಲ್ಲು, ಗಾಜಿನ ಚೂರು ಅಲ್ಲಿಂದಲೇ ಬರುತ್ತದೆ.

ಈಗ ರೇಡಿಯೊ. ಶೆಲ್ಟರಿಗೆ ಸಾವಿರಾರು ಡಾಲರ್ ಸುರಿದು ಇದನ್ನು ಕೊಳ್ಳದಿರುವವರೇ ಹೆಚ್ಚು. ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ಹವಾಮಾನ ರೇಡಿಯೊ 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಏಳು ತರಂಗಗಳಲ್ಲಿ ದಿನವಿಡೀ ಪ್ರಸಾರವಾಗುತ್ತದೆ. ರಿಸೀವರ್ ಸುಮ್ಮನೆ ಇರುತ್ತದೆ, ನಿಮ್ಮ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ) ಎಚ್ಚರಿಕೆ ಬಂದಾಗ ಮಾತ್ರ ಕಿರುಚಿ ಎಬ್ಬಿಸುತ್ತದೆ. ಮೊಬೈಲ್ ಗೋಪುರ ಬಿದ್ದರೂ, ಇಂಟರ್ನೆಟ್ ನಿಂತರೂ ಇದರ ಕೆಲಸ ನಿಲ್ಲುವುದಿಲ್ಲ. ಕೊಳ್ಳುವಾಗ ನಿಮ್ಮ ಪ್ರದೇಶವನ್ನು ಗುರುತಿಸುವ ‘ಸೇಮ್’ ಸಂಕೇತ ಹಾಕಲು ಬರುವ ಮಾದರಿಯನ್ನೇ ಆರಿಸಿ. ನಿಮ್ಮ ಕೌಂಟಿಯ ಆರಂಕಿ ಸಂಖ್ಯೆ ತುಂಬಿಸಬೇಕು. ಇದನ್ನು ಬಿಟ್ಟರೆ ಸುತ್ತಲಿನ ಹತ್ತಾರು ಕೌಂಟಿಗಳ ಎಚ್ಚರಿಕೆಗೂ ಕೂಗಿ, ವಾರದಲ್ಲೇ ಪ್ಲಗ್ ಕಿತ್ತು ಡ್ರಾಯರಿಗೆ ಹಾಕಿಬಿಡುತ್ತೀರಿ. ಸಂಕೇತ ಹಾಕಿದರೂ ಒಂದು ಕೊರತೆ ಉಳಿಯುತ್ತದೆ. ಹವಾಮಾನ ಸೇವೆ 2007ರ ಅಕ್ಟೋಬರಿನಿಂದ ಎಚ್ಚರಿಕೆಯನ್ನು ಬಿರುಗಾಳಿಯ ಹಾದಿಗೆ ತಕ್ಕ ಬಹುಭುಜವಾಗಿ ಹೊರಡಿಸುತ್ತದೆ, ರೇಡಿಯೊ ಮಾತ್ರ ಇಡೀ ಕೌಂಟಿಗೆ ಕೂಗುತ್ತದೆ. ಈ ವಿಷಯದಲ್ಲಿ ಮೊಬೈಲಿಗೆ ಬರುವ ಸರ್ಕಾರಿ ತುರ್ತು ಸಂದೇಶ ಹೆಚ್ಚು ನಿಖರ, ಆದ್ದರಿಂದ ಎರಡೂ ಇರಲಿ. ಮಳೆ, ಚಳಿಯ ಸೂಚನೆಗಳನ್ನು ಮೆನುವಿನಲ್ಲಿ ಆರಿಸಿ ಮೌನವಾಗಿಸಿ, ಟಾರ್ನೆಡೊ ಎಚ್ಚರಿಕೆಯನ್ನು ಎಂದಿಗೂ ಬೇಡ. ವಾರಕ್ಕೊಮ್ಮೆ, ಸಾಮಾನ್ಯವಾಗಿ ಬುಧವಾರ, ಪರೀಕ್ಷಾ ಸಂಕೇತ ಬರುತ್ತದೆ. ಅದರ ದೀಪ ಬೆಳಗದಿದ್ದರೆ ಆಂಟೆನಾ ಎಳೆದು ಕಿಟಕಿಯ ಬಳಿಗೆ ಸರಿಸಿ. ಬ್ಯಾಟರಿ ವರ್ಷಕ್ಕೊಮ್ಮೆ ಬದಲಿಸಿ, ಸೋರಿದ ಬ್ಯಾಟರಿ ಒಳಗಿನ ಸ್ಪ್ರಿಂಗನ್ನು ತಿಂದುಹಾಕುತ್ತದೆ.

ಬೀದಿಯ ಸೈರನ್ ಇದೆಯಲ್ಲ ಎನ್ನಬೇಡಿ. ಅದು ಹೊರಗಿರುವವರಿಗಾಗಿ ಇಟ್ಟದ್ದು. ಕಿಟಕಿ ಮುಚ್ಚಿ, ಏಸಿ ಹಾಕಿ, ಆಲಿಕಲ್ಲಿನ ಸದ್ದಿನಲ್ಲಿ ಮಲಗಿದವರಿಗೆ ಅದು ಕೇಳಿಸದು. 2011ರ ಮೇ 22ರಂದು ಮಿಸೂರಿಯ ಜಾಪ್ಲಿನ್‌ನಲ್ಲಿ ಸೈರನ್ ಕೂಗಿತ್ತು, ಕಾಲಾವಕಾಶವೂ ಇತ್ತು. ಪದೇ ಪದೇ ಕೇಳಿ ರೂಢಿಯಾಗಿದ್ದ ಸೈರನ್ನಿಗೆ ಎಷ್ಟೋ ಜನ ತಕ್ಷಣ ಕದಲಲಿಲ್ಲ. ಆ ಟಾರ್ನೆಡೊಗೆ 158 ಜನ ಬಲಿಯಾದರು.

ಶೆಲ್ಟರ್ ಒಳಗೆ ಇಡಬೇಕಾದದ್ದು ಹೆಚ್ಚೇನಿಲ್ಲ: ತಲೆಗೆ ಹೆಲ್ಮೆಟ್, ಗಟ್ಟಿ ತಳದ ಶೂ, ಟಾರ್ಚ್, ನೀರು, ಸೀಟಿ, ಒಂದು ಸಣ್ಣ ಕಬ್ಬಿಣದ ಹಾರೆ. ಶೂ ಮರೆಯಬೇಡಿ, ಹೊರಬಂದಾಗ ಕಾಲಿಡುವುದು ಮೊಳೆ ಮತ್ತು ಗಾಜಿನ ಮೇಲೆ. ಅಳವಡಿಕೆ ಮುಗಿದ ದಿನವೇ ಶೆಲ್ಟರ್ ಇರುವ ಜಾಗವನ್ನು ನಗರ ಅಥವಾ ಕೌಂಟಿಯ ತುರ್ತು ಕಚೇರಿಯಲ್ಲಿ ನೋಂದಾಯಿಸಿ, ಆ ಸೌಲಭ್ಯ ಇರುವ ಕಡೆ. ಮನೆಯೇ ಗುರುತು ಸಿಗದಂತಾದಾಗ ಅವಶೇಷದ ಯಾವ ರಾಶಿಯನ್ನು ಮೊದಲು ಸರಿಸಬೇಕು ಎಂದು ರಕ್ಷಣಾ ತಂಡಕ್ಕೆ ತಿಳಿಯುವುದು ಆ ಪಟ್ಟಿಯಿಂದ. ಕೊನೆಯ ಬಿಲ್ ಪಾವತಿಸುವ ಮುನ್ನ ಮನೆಯವರೆಲ್ಲರೂ ರಾತ್ರಿ ದೀಪ ಆರಿಸಿ, ಮಲಗುವ ಕೋಣೆಗಳಿಂದ ಹೊರಟು, ಒಳಸೇರಿ, ಎಲ್ಲ ಚಿಲಕ ಹಾಕುವವರೆಗೆ ಗಡಿಯಾರ ಹಿಡಿದು ನೋಡಿ. ಎರಡು ನಿಮಿಷ ಮೀರಿದರೆ ಜಾಗ ಬದಲಿಸಲು ಅಳವಡಿಕೆದಾರರನ್ನು ಕೇಳಬೇಕಾದ ಸಮಯ ಅದೇ.